ಪೆಪ್ಪರಮಿಂಟಿನ ಚೂರು

ಮೊನ್ನೆ ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಸಕ್ಕರೆ ಪಾಕ ಕುದಿಯುವ ವಾಸನೆ ಬಂತು. ಪಕ್ಕದ ಮನೆಯ ಅಕ್ಕ ಸಂಜೆ ಕೆಲಸ ಮುಗಿಸಿ ಬಂದಾಗ ಅವಳ ಸೀರೆಗೆ, ಕೂದಲಿಗೆಲ್ಲ ಇದೇ ವಾಸನೆ ಅಂಟಿರುತ್ತಿತ್ತು...

ಎಪ್ಪತ್ತರ ದಶಕ. ಗೋವಿಂದರಾಜನಗರದ ವಠಾರದಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅಕ್ಕ ಕಾಮಾಕ್ಷಿಪಾಳ್ಯದ ಪೆಪ್ಪರಮಿಂಟ್ ಶೆಡ್ಡಿಗೆ ಹೋಗುತ್ತಿದ್ದಳು. ಅಲ್ಲಿ ಮಧ್ಯಾಹ್ನ ಊಟಕ್ಕೆ ಬಿಡುತ್ತಿರಲಿಲ್ಲ. ಬದಲಿಗೆ, ಮುರಿದ ಚೂರುಗಳನ್ನು ಎಷ್ಟು ಬೇಕಾದರೂ ತಿನ್ನಬಹುದು ಎಂದು ಮಾಲೀಕ ಹೇಳಿದ್ದ. ಅದು ತನ್ನ ಔದಾರ್ಯ ಎಂದೇ ಅವನು ತಿಳಿದಿದ್ದ. ಹಸಿವು ತಡೆಯಲು ಅಕ್ಕ ದಿನವಿಡೀ ಅದನ್ನೇ ಚೀಪುತ್ತಿದ್ದಳು.

ವರ್ಷ ಕಳೆಯುವಷ್ಟರಲ್ಲಿ ಅವಳ ಹಲ್ಲುಗಳು ಬುಡದಿಂದ ಕಪ್ಪಾಗತೊಡಗಿದವು. ಬಾಯ್ತುಂಬ ನಗುತ್ತಿದ್ದವಳು ಸೆರಗು ಅಡ್ಡ ಹಿಡಿದು ನಗತೊಡಗಿದಳು. ನಾನು ಎಷ್ಟು ಪೀಡಿಸಿದರೂ ಒಂದು ಚೂರು ತಂದುಕೊಡಲಿಲ್ಲ.

"ಬೇಡ ಕಣೇ. ನನ್ನ ಬಾಯಿ ನೋಡಿದೀಯಲ್ಲ," ಎನ್ನುತ್ತಿದ್ದಳು.

ದೀಪಾವಳಿಗೆ ಮುಂಚೆ ಅವಳ ಕೆನ್ನೆ ಊದಿತು. ರಜೆ ಕೇಳಿದ್ದಕ್ಕೆ ಮಾಲೀಕ, "ಲವಂಗದೆಣ್ಣೆ ಇಟ್ಕೋ. ಹಬ್ಬದ ಮಾಲು ಹೋಗ್ಲಿ, ಆಮೇಲೆ ಡಾಕ್ಟರ್ ಹತ್ರ ಹೋಗು," ಎಂದನಂತೆ. ಕೆಲಸ ಬಿಟ್ಟರೆ ಮನೆ ನಡೆಯದು. ಅಕ್ಕ ಊದಿದ ಕೆನ್ನೆಯಲ್ಲೇ ಹೋದಳು. ಬಾವು ಕತ್ತಿಗಿಳಿಯಿತು. ನೀರೂ ನುಂಗಲಾಗದೆ ಉಸಿರು ಕಟ್ಟತೊಡಗಿದಾಗ ಅವಳ ತಾಯಿ, ನಮ್ಮಮ್ಮ ಸೇರಿ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಹುಳುಕು ಹಲ್ಲಿನ ಕೀವು ಗಂಟಲಿಗೆ ಹರಡಿದೆ, ತಡಮಾಡಿಬಿಟ್ಟಿರಿ ಎಂದು ಡಾಕ್ಟರು ಹೇಳಿದರಂತೆ. ಹಲ್ಲುನೋವಿಗೆ ಯಾರಾದರೂ ಸಾಯುತ್ತಾರೆಯೇ? ನಮ್ಮಕ್ಕ ಸತ್ತಳು.

ಮಾಲೀಕ ಮಾತಾಡಿಸಲು ಬಂದ. ಇಸ್ತ್ರಿ ಮಾಡಿದ ಬಿಳಿ ಷರ್ಟು. "ಹುಡುಗಿ ಹಲ್ಲು ಸರಿಯಾಗಿ ಉಜ್ತಿರ್ಲಿಲ್ಲ ಅನ್ಸುತ್ತೆ," ಎಂದು ಹೆತ್ತ ತಾಯಿಯ ಎದುರೇ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ ಪೆಪ್ಪರಮಿಂಟಿನ ಪೊಟ್ಟಣ ಚಾಚಿದ. ಅಮ್ಮ ನನ್ನ ಕೈ ಹಿಂದಕ್ಕೆಳೆದಳು.

"ನಿಮ್ಮ ಮಕ್ಕಳಿಗೆ ಕೊಡಿ ಸಾರ್."

"ಅವಕ್ಕೆ ನಾವು ಇದೆಲ್ಲ ಕೊಡಲ್ಲಮ್ಮ. ಹಲ್ಲು ಹಾಳಾಗುತ್ತೆ."

ಆಡಿದ ಮೇಲೆ ಅವನ ಮುಖ ಕಪ್ಪಿಟ್ಟಿತು. ಅಕ್ಕನ ತಾಯಿ ಎದ್ದು ಬಂದು, ಪೊಟ್ಟಣವನ್ನು ಅವನ ಕೈಯಿಂದ ಕಿತ್ತು ಮೋರಿಗೆ ಎಸೆದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹಬ್ಬ ಮುಗಿದ ಮೇಲೂ ಶೆಡ್ಡು ನಡೆಯುತ್ತಲೇ ಇತ್ತು.

ಈಗ ಆ ವಠಾರವಿಲ್ಲ, ಅಮ್ಮನೂ ಇಲ್ಲ. ವಯಸ್ಸಾದಂತೆ ಕೋಪ ಇಳಿಯುತ್ತದೆ ಅನ್ನುತ್ತಾರೆ... ನನಗೆ ಇಳಿದಿಲ್ಲ. ತಿಳಿಯದೆ ಮಾಡಿದ್ದರೆ ಎಂದೋ ಮರೆಯುತ್ತಿದ್ದೆನೇನೋ. ಅವನಿಗೆ ಗೊತ್ತಿತ್ತು. ಗೊತ್ತಿದ್ದವನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕ ಮಾತ್ರ ಹೋದಳು.