ಬೀಗ ಬಿದ್ದ ನಕ್ಷೆ

ಕಳೆದ ವಾರ ಸ್ಕ್ಯಾನ್ ಸೆಂಟರಿನವರು ನನ್ನ ಮಂಡಿಯ ಚಿತ್ರವನ್ನು ಒಂದು ಸಿಡಿಗೆ ಹಾಕಿ ಕೊಟ್ಟರು. ಮನೆಗೆ ತಂದು ತೆರೆಯಹೋದರೆ, ಇದನ್ನು ನೋಡಲು ತಮ್ಮದೇ ತಂತ್ರಾಂಶ ಬೇಕೆಂದು ಪರದೆಯ ಮೇಲೊಂದು ಸೂಚನೆ ಬಂತು. ಮಂಡಿ ನನ್ನದು, ನೋವು ನನ್ನದು, ಅದನ್ನು ನೋಡುವ ಹಕ್ಕು ಮಾತ್ರ ಇನ್ನಾರದೋ! ಇಂಥ ಹೊತ್ತಿನಲ್ಲಿ ನಾನು ಕಂಪ್ಯೂಟರಿನ ಜೊತೆ ಗಟ್ಟಿಯಾಗಿಯೇ ಜಗಳವಾಡುತ್ತೇನೆ. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಗೋಡೆಗಳು ಬಹಳ ತೆಳು. ಒಂಟಿಯಾಗಿರುವ ಈ ಹೆಂಗಸು ದಿನಾ ಯಾರನ್ನು ಬೈಯುತ್ತಾಳೆಂದು ಪಕ್ಕದ ಮನೆಯವರು ಇನ್ನೂ ತಲೆಕೆಡಿಸಿಕೊಂಡಿದ್ದಾರೆ.

ಈ ಸಿಟ್ಟು ಮಂಡಿನೋವಿಗಿಂತ ಹಳೆಯದು. ಅದು ಹುಟ್ಟಿದ್ದು ಧಾರಾವಿಯಲ್ಲಿ, ರಜಿಯಾಳ ಓಣಿಯಲ್ಲಿ.

ಉಡುಪಿ ಕಡೆಯವರೆಂದರೆ ಮುಂಬಯಿಯಲ್ಲಿ ಹೋಟೆಲೇ ನಡೆಸುತ್ತಾರೆಂದು ನೀವು ನಂಬಿದ್ದರೆ ನನ್ನಿಂದ ನಿಮಗೆ ನಿರಾಶೆಯಾದೀತು. ನನಗೆ ಇಡ್ಲಿ ಕೂಡ ಸರಿಯಾಗಿ ಉಬ್ಬುವುದಿಲ್ಲ. ವಿಲೆ ಪಾರ್ಲೆಯ ಒಂದು ಸಣ್ಣ ಆಫೀಸಿನಲ್ಲಿ ನಕ್ಷೆ ಬಿಡಿಸುವುದು ನನ್ನ ಕೆಲಸವಾಗಿತ್ತು. ಬಿಲ್ಡರುಗಳ ನಕ್ಷೆಗಳಲ್ಲಿ ಇಲ್ಲದ ಮರಗಳನ್ನೂ ಹಸಿರು ಬಣ್ಣದಲ್ಲಿ ನೆಡುತ್ತಿದ್ದವಳು ನಾನು. ಆ ಬೇಸರಕ್ಕೋ ಏನೋ, ಭಾನುವಾರಗಳಲ್ಲಿ ಧಾರಾವಿಯ ಮಹಿಳಾ ಮಂಡಳಿಯೊಂದಕ್ಕೆ ನೆರವಾಗಲು ಹೋಗುತ್ತಿದ್ದೆ. ಅಲ್ಲಿ ಪರಿಚಯವಾದವಳೇ ರಜಿಯಾ. ವಿಜಯಪುರದ ಕಡೆಯವಳು, ಚರ್ಮದ ಚೀಲ ಹೊಲಿಯುವ ಕೆಲಸ, ದೊಡ್ಡ ಗಂಟಲು. ನಾನು ಕನ್ನಡದವಳೆಂದು ತಿಳಿದ ದಿನವೇ ನನ್ನ ಕೈಹಿಡಿದು, "ಇನ್ನ ಹಿಂದಿ ಬ್ಯಾಡ್ರಿ ಅಕ್ಕಾರ, ನಾಲಿಗಿ ಬ್ಯಾಸತ್ತೈತಿ" ಅಂದಿದ್ದಳು.

ಅವಳ ಓಣಿಗೆ ಚರಂಡಿ ಇರಲಿಲ್ಲ. ಹೊಸ ಚರಂಡಿಯ ಯೋಜನೆ ಬಂದಾಗ ಹೆಂಗಸರು ಪಾಲಿಕೆಯ ಕಚೇರಿಗೆ ಹೋಗಿ ವಿಚಾರಿಸಿದರು. ಅಧಿಕಾರಿ ತನ್ನ ನಕ್ಷೆಯ ಮೇಲೆ ಬೆರಳಿಟ್ಟು, "ಇಧರ್ ತೋ ಖಾಲಿ ಜಗಾ ಹೈ" ಎಂದನಂತೆ. ಜನ ಹುಟ್ಟಿ, ಮದುವೆಯಾಗಿ, ಸತ್ತ ಓಣಿ ಅವನ ಕಾಗದದಲ್ಲಿ ಬರೀ ಬಿಳಿ.

ಹಾಗಾದರೆ ನಮ್ಮ ನಕ್ಷೆ ನಾವೇ ಮಾಡೋಣವೆಂದು ಹೊರಟೆವು. ಒಂದು ಕಂಪನಿ ಸಮಾಜಸೇವೆಯ ಹೆಸರಿನಲ್ಲಿ ಪುಕ್ಕಟೆಯಾಗಿ ಒಂದು ಯಂತ್ರ ಕೊಟ್ಟಿತು. ಕೈಯಲ್ಲಿ ಹಿಡಿದು ನಡೆದರೆ ಹೋದ ಹಾದಿಯನ್ನೆಲ್ಲ ಗುರುತಿಸಿಕೊಳ್ಳುವ ಯಂತ್ರ. ರಜಿಯಾ ಮಳೆಗಾಲ ಮುಗಿಯುವತನಕ ಅದನ್ನು ಹಿಡಿದು ಓಣಿ ಓಣಿ ಸುತ್ತಿದಳು. ಒಬ್ಬರೇ ಓರೆಯಾಗಿ ನುಸುಳಬೇಕಾದ ಸಂದಿಗಳನ್ನೂ ಬಿಡಲಿಲ್ಲ. ಪ್ರತಿ ಗುರುತಿಗೂ ಕನ್ನಡದಲ್ಲೇ ಹೆಸರು ಹಾಕಿದಳು: ಹಸಿರು ಬಾಗಿಲು, ನಳದ ಕಟ್ಟಿ, ಜಗಳಗಂಟಿ ಮನಿ.

ಕೆಲಸ ಮುಗಿದು, ಕಚೇರಿಯಲ್ಲಿ ಅಹವಾಲು ಕೇಳುವ ದಿನ ಹತ್ತಿರವಾದಾಗ ಯಂತ್ರದ ಕಡತವನ್ನು ಕಂಪ್ಯೂಟರಿಗೆ ಹಾಕಿದೆ. ತೆರೆಯಲಿಲ್ಲ. ಕಂಪನಿ ಅದನ್ನು ತೆರೆಯುವ ತಂತ್ರಾಂಶವನ್ನೇ ನಿಲ್ಲಿಸಿಬಿಟ್ಟಿತ್ತು. ಹೊಸದು ಹಳೆಯ ಕಡತವನ್ನು ಓದುತ್ತಿರಲಿಲ್ಲ. ಬೇರೆ ಯಾವ ತಂತ್ರಾಂಶಕ್ಕೂ ಅದರ ತಲೆಬುಡ ತಿಳಿಯದು, ಏಕೆಂದರೆ ಒಳಗೆ ಏನನ್ನು ಹೇಗೆ ಬರೆದಿಟ್ಟಿದೆಯೆಂದು ಕಂಪನಿ ಯಾರಿಗೂ ಹೇಳಿರಲಿಲ್ಲ. ಯಂತ್ರ ಮಾತ್ರ ಈಗಲೂ ಬರೆದುಕೊಳ್ಳುತ್ತಿತ್ತು, ಓದಲು ಬಿಡುತ್ತಿರಲಿಲ್ಲ ಅಷ್ಟೆ.

ಫೋನು ಮಾಡಿದೆ. ಆ ಕಡೆಯ ದನಿ ಬಲು ಮೃದು. "ಮೇಡಂ, ಡೇಟಾ ಆಪ್‌ಕಾ ಹೈ. ಮಗರ್ ಫಾರ್ಮ್ಯಾಟ್ ಹಮಾರಾ ಹೈ."

ಮಾಹಿತಿ ನಮ್ಮದು, ಅದನ್ನು ಬರೆದಿಟ್ಟ ಬಗೆ ಮಾತ್ರ ಅವರದಂತೆ ಎಂದು ನಾನು ರಜಿಯಾಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸೂಜಿ ಕೆಳಗಿಟ್ಟಳು.

"ಅಂದ್ರ? ನಡದಾಕಿ ನಾ, ಓಣಿ ನಮ್ದು. ನಮ್ಮನಿ ಒಳಗ ನಮ್ಮನ್ನ ಬಿಡೂದಿಲ್ಲಂತಾರೇನ್ರಿ ಅವರು?"

"ಹಾಗೇ ಅಂದುಕೋ."

"ಕೀಲಿ ಕೊಡದಿದ್ರ ಕದಾ ಮುರೀರಿ."

ಮುರಿಯಲು ಕೂತೆ. ಕಡತವನ್ನು ಬರೀ ಸಂಕೇತಗಳ ಸಾಲಾಗಿ ತೋರಿಸುವ ತಂತ್ರಾಂಶಗಳಿವೆ. ಅದರಲ್ಲಿ ನೋಡಿದರೆ ಇರುವೆ ಸಾಲಿನಂತೆ ಅಂಕಿ ಅಕ್ಷರಗಳು, ಅರ್ಥ ಮಾತ್ರ ಸೊನ್ನೆ. ದಿನಗಟ್ಟಲೆ ದಿಟ್ಟಿಸಿದ ಮೇಲೆ ಒಂದೇ ಬಗೆಯ ಜೋಡಿಯೊಂದು ಮತ್ತೆ ಮತ್ತೆ ಬರುವುದು ಕಂಡಿತು. ಕಂಪ್ಯೂಟರಿನ ಹೊಟ್ಟೆಯಲ್ಲಿ ಕನ್ನಡದ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಒಂದೇ ಸಂಕೇತದಿಂದ ಶುರುವಾಗುತ್ತವೆ. ಜೋಡಿಸಿ ಓದಿದೆ: ಜಗಳಗಂಟಿ ಮನಿ. ಆ ಪರಕೀಯ ಕಾಡಿನಲ್ಲಿ ರಜಿಯಾ ಕೂಗಿದಂತಾಯಿತು. ನಾನು ಆಫೀಸಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಸಾಹೇಬರು ತಲೆಯೆತ್ತಿ ನೋಡಿದರು.

ಹೆಸರು ಸಿಕ್ಕಿತು, ಜಾಗ ಸಿಗಬೇಕಲ್ಲ? ರಜಿಯಾಳನ್ನು ನಳದ ಕಟ್ಟೆಯ ಬಳಿ ನಿಲ್ಲಿಸಿ ಒಂದು ಗುರುತು ಮಾಡಿಸಿದೆ. ಓಣಿಯ ಇನ್ನೊಂದು ತುದಿಗೆ ಕಳಿಸಿ ಅದೇ ಹೆಸರಲ್ಲಿ ಮತ್ತೊಂದು. ಎರಡೂ ಕಡತಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಬದಲಾಗಿದೆಯೆಂದು ಹುಡುಕಿದೆ. ಬದಲಾದದ್ದೇ ಜಾಗದ ಲೆಕ್ಕ: ಮುಂಬಯಿಯ ಅಕ್ಷಾಂಶ ಹತ್ತೊಂಬತ್ತು, ರೇಖಾಂಶ ಎಪ್ಪತ್ತೆರಡು. ಹಿಗ್ಗಿನಲ್ಲಿ ಅವೆರಡನ್ನೂ ನಾನು ಅದಲುಬದಲು ಮಾಡಿದ್ದರಿಂದ ಮೊದಲ ಸಲ ಧಾರಾವಿಯ ಓಣಿ ನಾರ್ವೆಯಾಚೆಯ ಕೊರೆಯುವ ಕಡಲಲ್ಲಿ ತೇಲಿತು. "ಅಲ್ಲೆರ ಚರಂಡಿ ಹಾಕ್ತಾರೇನ್ ಕೇಳ್ರಿ" ಅಂದಳು ರಜಿಯಾ. ತಿದ್ದಿದೆ. ಗೆರೆಗಳು ಒಂದೊಂದಾಗಿ ಬಂದು ಸೇರಿ, ಬಿಳಿ ಜಾಗದಲ್ಲಿ ಓಣಿ ಮೂಡಿತು. ಅವಳು ಪರದೆಯ ಮೇಲೆ ತನ್ನ ಮನೆಯನ್ನು ಬೆರಳಿನಿಂದ ಸವರಿದಳು.

ಅಹವಾಲಿನ ದಿನ ಅಧಿಕಾರಿ ನಮ್ಮ ನಕ್ಷೆಯನ್ನು ತಿರುತಿರುಗಿಸಿ ನೋಡಿ, "ಏ ಗಲ್ಲಿ ಕಹಾಂ ಸೇ ಆಯೀ?" ಅಂದ, ಈ ಓಣಿ ಎಲ್ಲಿಂದ ಬಂತೆಂದು.

"ಗಲ್ಲಿ ಕಹೀಂ ಸೇ ನಹೀಂ ಆಯೀ ಸಾಬ್, ವಹೀಂಚ್ ಥೀ," ಅಂದಳು ರಜಿಯಾ. "ಆಪ್ ನಹೀಂ ಆಯೇ." ಓಣಿ ಮೊದಲಿನಿಂದಲೂ ಅಲ್ಲೇ ಇತ್ತು, ಬಾರದವನು ಅವನೇ.

ಚರಂಡಿ ಬಂತು. ಪೂರ್ತಿ ಬಂತೆಂದು ಬರೆಯಲು ಆಸೆ, ಆದರೆ ಹಿಂಬದಿಯ ಮನೆಗಳ ಹತ್ತಿರಕ್ಕೆ ಬರುವಷ್ಟರಲ್ಲಿ ನಿಂತುಹೋಯಿತು. ಚರಂಡಿಗಿಂತ ಮುಂಚೆ ಬಂದದ್ದು ಕಂಪನಿಯ ವಕೀಲರ ನೋಟೀಸು. ಅವರ ಕಡತದ ರಚನೆಯನ್ನು ನಾನು ಅನುಮತಿಯಿಲ್ಲದೆ ಬಿಚ್ಚಿದ್ದೇನಂತೆ. ನಮ್ಮ ಓಣಿಯನ್ನು ಅವರು ಅನುಮತಿಯಿಲ್ಲದೆ ಮುಚ್ಚಿಟ್ಟಿದ್ದಕ್ಕೆ ಯಾವ ನೋಟೀಸೂ ಇಲ್ಲ! ಉತ್ತರವಾಗಿ, ಆ ಕಡತವನ್ನು ಓದುವ ಬಗೆಯನ್ನು ಸಾದಾ ಮಾತಿನಲ್ಲಿ ಬರೆದು, ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಹಾಕಿದೆ. ಇನ್ನೊಂದು ಪತ್ರ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಹೇಳಬೇಕಾದದ್ದು ಬಹಳ ಉಳಿದಿತ್ತು.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಭಾನುವಾರ, ಉಳಿದ ಹಿಂಬದಿಯ ಮನೆಗಳಿಗಾಗಿ ಮತ್ತೆ ಅಳತೆ ಶುರುವಾಯಿತು. ಬೇರೊಂದು ಕಂಪನಿಯ ತರುಣನೊಬ್ಬ ಹೊಳೆಯುವ ಯಂತ್ರಗಳ ಪೆಟ್ಟಿಗೆ ಹೊತ್ತು ಬಂದಿದ್ದ. ಎಲ್ಲ ಪುಕ್ಕಟೆ. ಕೂದಲು ನರೆತ ರಜಿಯಾ ಒಂದನ್ನು ಕೈಗೆತ್ತಿಕೊಂಡು, ಬರೆದದ್ದನ್ನು ನಾವೇ ತೆಗೆದು ಓದಬಹುದೇ ಎಂದು ಅವನ ಭಾಷೆಯಲ್ಲೇ ಕೇಳಿದಳು.

"ಟೆನ್ಶನ್ ಮತ್ ಲೋ ಆಂಟಿ," ಎಂದು ಅವನು ನಕ್ಕ. "ಸಬ್ ಹಮಾರೇ ಪಾಸ್ ಸೇಫ್ ಹೈ."

"ಸೇಫ್?" ಅಂದಳು ರಜಿಯಾ. "ಕಿಸ್‌ಸೇ? ಹಮ್‌ಸೇ?"

ಎಲ್ಲ ತಮ್ಮಲ್ಲಿ ಭದ್ರವೆಂದರೆ ಯಾರಿಂದ ಭದ್ರ, ನಮ್ಮಿಂದಲೇ? ಅವಳು ಯಂತ್ರವನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು. ಹೊಲಿಗೆಯ ಟೇಪು ತಂದು ಒಂದು ತುದಿಯನ್ನು ನನ್ನ ಕೈಗಿಟ್ಟು, "ಗಟ್ಟಿ ಹಿಡೀರಿ ಅಕ್ಕಾರ" ಎಂದು, ಇನ್ನೊಂದು ತುದಿ ಹಿಡಿದು ಸಂದಿಯೊಳಗೆ ಓರೆಯಾಗಿ ನುಸುಳಿದಳು.