ಎರಡು ಬಾಣಂತನಗಳ ನಡುವೆ ಒಂದು ದೋಣಿ

ನಲವತ್ತು ದಿನ ತುಂಬಿದ ಮೇಲೂ ಅಮ್ಮ ನನ್ನ ಕಿವಿಗೆ ಹತ್ತಿ ಇಡುವುದನ್ನು ಬಿಟ್ಟಿರಲಿಲ್ಲ. ಜನವರಿಯ ಆ ಶುಕ್ರವಾರ ಒಮಾನಿನ ಕುರಿಯಾತ್‌ನ ಹಿನ್ನೀರಿನಲ್ಲಿ ನಾನು ದೋಣಿ ಹತ್ತಿದ್ದು ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಉಣ್ಣೆಯ ಸಾಕ್ಸು ಹಾಕಿಕೊಂಡು. ಮಡಿಲಲ್ಲಿ ಮಗು, ಎದುರಿಗೆ ಅಮ್ಮ. ಗಂಡನಿಗೆ ದೋಣಿ ಎಂದರೆ ಹೊಟ್ಟೆ ತೊಳಸುತ್ತದೆ. ಅವರು ದಡದಲ್ಲೇ ಕಾರಿನಲ್ಲಿ ಉಳಿದರು.

ಅಮ್ಮ ಉಡುಪಿ ಕಡೆಯಿಂದ ವಿಸಿಟ್ ವೀಸಾದಲ್ಲಿ ಬಂದು ಎರಡೂವರೆ ತಿಂಗಳಾಗಿತ್ತು. ಅಲ್ ಅಜೈಬಾದ ನಮ್ಮ ಫ್ಲ್ಯಾಟಿನ ಬಚ್ಚಲು, ಅಡುಗೆಮನೆ, ಬಟ್ಟೆ ಒಣಗಿಸುವ ಬಾಲ್ಕನಿ ಬಿಟ್ಟರೆ ಅವಳು ಬೇರೇನನ್ನೂ ನೋಡಿರಲಿಲ್ಲ. ಮುಂದಿನ ವಾರ ಊರಿಗೆ ಟಿಕೆಟ್. ಅದಾಗಿ ಹತ್ತು ದಿನಕ್ಕೆ ಮಂಗಳೂರಿನಲ್ಲಿ ತಂಗಿಯ ಹೆರಿಗೆಯ ತಯಾರಿ, ಮತ್ತೊಂದು ಬಾಣಂತನ. ನಡುವಿನ ಆ ಹತ್ತು ದಿನಗಳ ಮೇಲೆ ನನ್ನ ಕಣ್ಣು ಬಿದ್ದಿತ್ತು. ಹೇಗೂ ಖಾಲಿ ದಿನಗಳು, ಅಮ್ಮ ಇಲ್ಲೇ ಇದ್ದು ಸೀದಾ ತಂಗಿಯ ಮನೆಗೆ ಹೋಗಲಿ ಎಂದು, ಅವಳನ್ನು ಒಂದು ಮಾತೂ ಕೇಳದೆ, ಗಂಡನಿಗೆ ಹೇಳಿ ಟಿಕೆಟ್ ಮುಂದಕ್ಕೆ ಹಾಕಿಸಿದ್ದೆ. ಅದನ್ನು ಅವಳಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ದೋಣಿಯಲ್ಲಿ ಖುಷಿಯಾಗಿರುವಾಗ ಮೆಲ್ಲಗೆ ಹೇಳಿಬಿಡೋಣ ಎಂಬುದು ನನ್ನ ಹಂಚಿಕೆ. ನಾನೇನು ಕಡಿಮೆಯವಳಲ್ಲ.

ದೋಣಿಯವನು ವಯಸ್ಸಾದ ಒಮಾನಿ ಮೀನುಗಾರ. ಮಗುವಿಗೆ ನಿದ್ದೆ ಹತ್ತಿದ್ದನ್ನು ಕಂಡು, "ಬಚ್ಚಾ ಸೋಯಾ, ಇಂಜಿನ್ ಖಲಾಸ್" ಎಂದು ಇಂಜಿನ್ ನಿಲ್ಲಿಸಿ ಉದ್ದನೆಯ ಕೋಲು ಹಿಡಿದ. ನೀರು ಅಲ್ಲಿ ಕಾಲುವೆಯಷ್ಟೇ ಕಿರಿದು. ಎರಡೂ ಬದಿಗೆ ಉಪ್ಪುನೀರಿನ ಕೆಸರಲ್ಲಿ ಬೇರೂರಿದ ಕಾಂಡ್ಲಾ ಗಿಡಗಳು, ಅವುಗಳಾಚೆ ಖರ್ಜೂರದ ತೋಟ, ಬೇಲಿಗೆ ಮುಂಗಾಲಿಟ್ಟು ಎಲೆ ತಿನ್ನುವ ಆಡುಗಳು. ಕೋಲು ಊರಿ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ಇದು ನಮ್ಮ ಕಾಂಡ್ಲವೇ ಅಲ್ವಾ?" ಅಮ್ಮ ಕೇಳಿದಳು. "ಇದಕ್ಕೂ ವೀಸಾ ಸಿಕ್ಕಿತಾ ಹಾಗಾದ್ರೆ!"

ತನ್ನ ತಮಾಷೆಗೆ ತಾನೇ ನಕ್ಕು, ಒಂದು ಕೈಯನ್ನು ನೀರಿಗೆ ಬಿಟ್ಟು ಸುಮ್ಮನೆ ಕುಳಿತಳು. ಸೊಪ್ಪು ಬಿಡಿಸದೆ, ಬಟ್ಟೆ ಮಡಚದೆ, ಯಾರ ಕಾಲನ್ನೂ ತಿಕ್ಕದೆ ಅವಳು ಕುಳಿತದ್ದನ್ನು ನೋಡಿ ನನಗೆ ತುಂಬ ಪ್ರೀತಿ ಉಕ್ಕಿತು. ಹೇಳಲು ಇದೇ ಸಮಯ ಎಂದುಕೊಂಡೆ.

"ಅಮ್ಮಾ, ಟಿಕೆಟ್ ಹತ್ತು ದಿನ ಮುಂದೆ ಹಾಕಿದ್ದೇವೆ. ಇಲ್ಲಿಂದ ಸೀದಾ ತಂಗಿಯಲ್ಲಿಗೆ ಹೋದ್ರಾಯ್ತು."

ಅಮ್ಮ ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಆ ಹತ್ತು ದಿನ ನಂಗೆ ಬೇಕಿತ್ತು ಮಾರಾಯ್ತಿ" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. "ನಿನ್ನ ಅಪ್ಪ ಗಂಜಿ ಬೇಯಿಸ್ಲಿಕ್ಕೆ ಕಲ್ತಿದ್ದಾರೆ. ಈಗ ಚಟ್ನಿ ಸಹ ಮಾಡ್ತಾರೆ. ನೀನು ಬಾ, ಹತ್ತು ದಿನ ಒಲೆ ಹತ್ರ ಬರುದೇ ಬೇಡ ಅಂತ ಹೇಳಿದ್ದಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಹೇಳಿದ್ದು."

ದಿನವೂ ಸಂಜೆ ಅವಳು ಫೋನಿನಲ್ಲಿ "ಉಪ್ಪು ಎಷ್ಟು ಹಾಕಿದ್ರಿ, ನೀರು ಹೆಚ್ಚಾಯ್ತಾ" ಎಂದು ಕೇಳುವುದನ್ನು ನಾನು ಕೇಳಿಸಿಕೊಂಡಿದ್ದೆ. ಪಾಪ, ಅಪ್ಪ ಹೇಗೋ ಹೊಟ್ಟೆ ಹೊರೆಯುತ್ತಿದ್ದಾರೆ ಎಂದುಕೊಂಡಿದ್ದೆ. ಅಪ್ಪ ಕಲಿಯುತ್ತಿದ್ದದ್ದು ಅಮ್ಮನಿಗಾಗಿ ಎಂದು ಹೊಳೆದಿರಲೇ ಇಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಹಿಂದಿನ ತಾರೀಖಿಗೇ ಬದಲಾಯಿಸ್ತೇನೆ" ಎಂದೆ.

ಅಮ್ಮ ಎಂದಿನಂತೆ "ಬೇಡ ಬಿಡು, ಆದದ್ದಾಯ್ತು" ಎನ್ನುತ್ತಾಳೆಂದು ಕಾದೆ. ಹಾಗೆಂದುಬಿಟ್ಟರೆ ಸಾಕಿತ್ತು ಎಂಬ ಆಸೆಯೂ ಒಳಗೆ ಇತ್ತು, ಸುಳ್ಳೇಕೆ. ಅವಳಿಲ್ಲದೆ ಮಗುವಿನ ತಲೆಗೆ ನೀರು ಹಾಕಲೂ ನನಗೆ ಬರುತ್ತಿರಲಿಲ್ಲ.

ಅಮ್ಮ ಮುಂದೆ ಬಾಗಿ, ನನ್ನ ಕೈ ಬಿಡುವಾಗಲೆಂದು ಮಗುವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಈಗಲೇ ಗಂಡನಿಗೆ ಫೋನ್ ಮಾಡು" ಎಂದಳು. "ಸಿಗ್ನಲ್ ಉಂಟಲ್ಲ?"

ಅಮ್ಮ ತನಗೆಂದು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಫೋನ್ ತೆಗೆದೆ.