ಮೆಹಬೂಬನ ದನಿಯಲ್ಲಿ ನಾನು ಒಪ್ಪಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ, ಮೋಟರ್ ಕದ್ದೆನೆಂದು ಪೊಲೀಸ್ ಠಾಣೆಯಲ್ಲಿ ಒಪ್ಪಿಕೊಂಡವನು ನಾನು. ಕದ್ದಿರಲಿಲ್ಲ, ಅದು ಬೇರೆ ಮಾತು. ಒಪ್ಪಿಕೊಂಡದ್ದೂ ನನ್ನ ದನಿಯಲ್ಲಲ್ಲ, ಗೆಳೆಯನ ದನಿಯಲ್ಲಿ. ಇವತ್ತು ಕಲಬುರಗಿಯಲ್ಲಿ ರೋಜಾ ಬಡಾವಣೆಯ ಕಡೆ ಹೊರಟಾಗ ಮೋಟರ್ ವೈಂಡಿಂಗ್ ಅಂಗಡಿಯೊಂದರಿಂದ ವಾರ್ನಿಷ್ ವಾಸನೆ ಬಂತು ನೋಡಿ, ಕಮಲಾಪುರದ ಆ ಠಾಣೆಯ ಬೆಂಚು ನೆನಪಾಗಿ ನಿಂತಲ್ಲೇ ನಗು ಬಂತು. ಆಗ ಬಂದಿರಲಿಲ್ಲ.

ಮೆಹಬೂಬ ಕಮಲಾಪುರದಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು. ಅತ್ತರು ಹಚ್ಚಿಕೊಂಡು ಮದುವೆಗೆ ಬಂದರೂ ಅವನ ಮೈಯಿಂದ ವಾರ್ನಿಷ್ ವಾಸನೆಯೇ. ನನ್ನ ಕಸುಬು ಕೇಳಬೇಡಿ. ಊರವರ ದನಿ ತೆಗೆಯುವುದು, ಅಂದರೆ ಥೇಟ್ ಅವರ ಹಾಗೆಯೇ ಮಾತಾಡಿ ತೋರಿಸುವುದು. ಮಾಸ್ತರು, ಕಂಡಕ್ಟರು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೇ ಅನುಮಾನ. ಫೋನು ಮಾಡಿದರೆ ಹೆಸರು ಕೇಳಿಯೇ ಮುಂದಿನ ಮಾತು.

ಬಾಳೆತೋಟವೊಂದರ ಬಾವಿ ಮೋಟರ್ ಕಾಣೆಯಾಯಿತು. ಮೋಟರ್ ಬಿಚ್ಚಬಲ್ಲವನು ಯಾರು? ಮೆಹಬೂಬ. ಬೆಳಿಗ್ಗೆ ಕರೆದೊಯ್ದು ಒಳಕೋಣೆಯಲ್ಲಿ ಕೂರಿಸಿದರು. ರೈತರು ಅವನ ಅಂಗಡಿಯಲ್ಲಿ ಮೋಟರ್ ಬಿಟ್ಟುಹೋಗುವುದು ಬರೀ ನಂಬಿಕೆಯ ಮೇಲೆ. ಕಳ್ಳನೆನ್ನಿಸಿಕೊಂಡರೆ ಅಂಗಡಿಗೆ ಬೀಗ. ನಾನು ಚಹಾ ತೆಗೆದುಕೊಂಡು ಓಡಿದೆ. ಚಹಾ ಒಳಗೆ ಹೋಯಿತು, ನಾನು ಹೊರಗುಳಿದೆ.

ಹೊರಗಿದ್ದ ಹವಾಲ್ದಾರರಿಗೆ ನನ್ನ ಕೀರ್ತಿ ಗೊತ್ತಿತ್ತು. ಮೆಹಬೂಬನ ದನಿ ತೆಗಿ ನೋಡೋಣ ಎಂದರು. ನಗಿಸಿದರೆ ಅವನ ಮೇಲೆ ಕರುಣೆ ಬಂದೀತೆಂದು ನನ್ನ ಎಣಿಕೆ. ಮೋಟರ್ ಎಲ್ಲಿ ಎಂದು ಅವರು ಗತ್ತಿನಿಂದ ಕೇಳಿದರು. ನಾನು ಅವನ ಹಾಗೆಯೇ ಮೂಗಿನಲ್ಲಿ, "ಖುದಾ ಕಸಂ, ನಾನೇ ಒಯ್ದೀನ್ರೀ ಸಾಬ್" ಎಂದೆ. ಅದೇ ಹೊತ್ತಿಗೆ ಸಬ್‌ಇನ್‌ಸ್ಪೆಕ್ಟರ್ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದರು. ಅವರಿಗೆ ಕೇಳಿಸಿದ್ದು ದನಿ ಮಾತ್ರ. ಸೀದಾ ಮೆಹಬೂಬನ ಬಳಿ ಹೋಗಿ, ಒಪ್ಪಿಕೊಂಡಾಯಿತಲ್ಲ, ಇನ್ನು ಹೇಳಿಕೆಗೆ ಸಹಿ ಮಾಡಿ ಮನೆಗೆ ಹೋಗು ಎಂದರು. ತಮಾಷೆ ಎಂದು ಸಾಹೇಬರಿಗೆ ಹೇಳುವ ಧೈರ್ಯ ಹವಾಲ್ದಾರರಿಗಿಲ್ಲ. ನಾನು ಅಂಗಳಕ್ಕೆ ಓಡಿ ಫೋನು ತೆಗೆದೆ.

ಕಲಬುರಗಿ ಕೋರ್ಟಿನಲ್ಲಿ ವಕೀಲಿ ಮಾಡುವ ನಮ್ಮ ದೊಡ್ಡಪ್ಪನ ಮಗಳಿಗೆ ಫೋನು ಮಾಡಿದೆ. "ನಾ ಬರೂ ತನಕ ಸಹಿ ಮಾಡಬ್ಯಾಡ ಅಂತ ಹೇಳು ಅವಗ. ನೀ ಬಾಯಿ ಮುಚ್ಕೊಂಡು ಕೂಡು. ನಿಂದೂ, ಅವಂದೂ" ಎಂದಳು. ಒಳಕೋಣೆಯ ಕಿಟಕಿಯಿಂದ ಮೆಹಬೂಬನಿಗೆ ಕೂಗಿ ಹೇಳಿದೆ, ಈ ಸಲ ನನ್ನದೇ ದನಿಯಲ್ಲಿ. ಅವನು ಪೆನ್ನು ಕೆಳಗಿಟ್ಟ.

ಅಕ್ಕ ಬಸ್ಸಿಳಿದು ಬಂದವಳು ದನಿಯೆತ್ತಲಿಲ್ಲ. ಇವನನ್ನು ಬಂಧಿಸಿದ್ದೀರೋ, ಬರೀ ಕರೆಸಿದ್ದೀರೋ ಎಂದು ವಿಚಾರಿಸಿದಳು. ಬಂಧಿಸಿದ್ದರೆ ಕಾರಣ ಹೇಳಬೇಕಿತ್ತು, ಮನೆಯವರಿಗೆ ತಿಳಿಸಬೇಕಿತ್ತು. ಕರೆಸಿದ್ದರೆ ನೋಟೀಸು ಎಲ್ಲಿ? ವಿಚಾರಣೆ ನಡೆಯುವಾಗ ವಕೀಲರನ್ನು ಕಾಣುವ ಹಕ್ಕಿದೆಯೆಂದು ಮೆಹಬೂಬನ ಪಕ್ಕ ಹೋಗಿ ಕೂತಳು. ನಿನ್ನ ವಿರುದ್ಧ ನೀನೇ ಹೇಳಬೇಕೆಂದು ಯಾರೂ ಒತ್ತಾಯಿಸುವ ಹಾಗಿಲ್ಲ ಎಂದಳು. ಅವನು ಸಣ್ಣಗೆ, "ಅಕ್ಕಾ, ಸಹಿ ಮಾಡಿದ್ರ ಮನೀಗಿ ಬಿಡ್ತೀವಿ ಅಂದಾರ್ರೀ. ಮಾಡೇ ಬಿಡ್ತಿದ್ದೆ" ಎಂದ. ಅಕ್ಕ ನನ್ನ ಕಡೆ ನೋಡಿದಳು. ಆ ನೋಟದ ದನಿ ತೆಗೆಯಲು ನನಗೆ ಇವತ್ತಿಗೂ ಬರುವುದಿಲ್ಲ.

ಅವನು ಒಪ್ಪಿಕೊಂಡದ್ದನ್ನು ಕಿವಿಯಾರೆ ಕೇಳಿದ್ದೇನೆಂದು ಸಾಹೇಬರು ಪಟ್ಟು ಹಿಡಿದರು. "ತೆಗಿಯಪ್ಪಾ ನಿನ್ನ ಕಲಾ" ಎಂದಳು ಅಕ್ಕ. ತೆಗೆದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ, ಯಾರೊಬ್ಬರೂ ನಗಲಿಲ್ಲ. ಸಾಹೇಬರು ಮೆಹಬೂಬನನ್ನೂ ನನ್ನನ್ನೂ ಒಂದೆರಡು ಬಾರಿ ನೋಡಿ, ಹವಾಲ್ದಾರರನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆದರೂ ಸೋಲಲು ಮನಸ್ಸಿಲ್ಲದೆ, "ದನಿ ಮಾತ್ರ ಅವಂದೇ ಇತ್ತಲ್ರೀ ಮೇಡಂ" ಎಂದರು.

ಅದಕ್ಕೆ ಅಕ್ಕ ಕೊಟ್ಟ ಉತ್ತರ ಕೇಳಿಯೇ ಮೆಹಬೂಬ ಮನೆಗೆ ಹೊರಡಲು ಎದ್ದು, ಬಿಟ್ಟಿದ್ದ ಚಪ್ಪಲಿ ಹುಡುಕತೊಡಗಿದ್ದು:

"ಸಾಹೇಬ್ರ, ಪೊಲೀಸರ ಮುಂದ ಅವನೇ ಅವನ ಬಾಯಿಲೆ ಒಪ್ಕೊಂಡ್ರೂ ಕೋರ್ಟಿನಾಗ ನಡ್ಯಂಗಿಲ್ಲ. ಈ ಹುಚ್ಚಪ್ಪ ಒಪ್ಕೊಂಡಿದ್ದು ನಡೀತದೇನ್ರೀ?"